ಕೊನೆಗುಳಿದ ಕೇಪಿನ ಕೋವಿ

"ಗುರುಗಳೇ, ಎಲ್ಲವನ್ನೂ ಬಿಟ್ಟವನಿಗೆ ಕೊನೆಯ ಒಂದನ್ನು ಬಿಡಲು ಯಾಕೆ ಆಗುವುದಿಲ್ಲ?" ಎಂದು ಶಿಷ್ಯ ಕೇಳಿದ.

ಹನ್ನೊಂದು ವರ್ಷಗಳಿಂದ ಅವನು ಹೊಳೆ ದಾಟಿ ಗುರುಗಳ ಬಳಿಗೆ ಬರುತ್ತಿದ್ದ. ಬಂದಾಗಲೆಲ್ಲ ಒಂದು ಪ್ರಶ್ನೆ ತರುತ್ತಿದ್ದ. ಪ್ರಶ್ನೆ ಸಿಗದ ದಿನ ಬರುತ್ತಿರಲಿಲ್ಲ. ಗುರುಗಳ ಹೊತ್ತನ್ನು ಸುಮ್ಮನೆ ಹಾಳುಮಾಡಬಾರದು ಎಂಬ ಸಂಕೋಚ ಅವನದು. ಈ ಸಲ ಪ್ರಶ್ನೆ ಸಿಕ್ಕಿ ಬರುವಾಗ ಎಂಟು ದಿನ ಕಳೆದಿತ್ತು. ಗುರುಗಳು ಚಾಪೆ ತೋರಿಸಿ ಕತೆ ಶುರುಮಾಡಿದರು.

ಒಬ್ಬ ಮರದ ವ್ಯಾಪಾರಿ ಇದ್ದ. ಅವನಿಗೆ ಕೋವಿಗಳ ಹುಚ್ಚು. ಹಾಗೆಂದು ಬೇಟೆಗಾರನೇನಲ್ಲ, ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಹಳೆಯ ಕೋವಿ ಎಲ್ಲೋ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಊಟ ಬಿಟ್ಟು ಎದ್ದು ಹೊರಡುತ್ತಿದ್ದ. ತಂದು, ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ತೂಗುಹಾಕಿ, ಎದುರಿಗೆ ಕುಳಿತು ನೋಡುತ್ತಿದ್ದ. ಪ್ರಾಯದಲ್ಲಿ ಒಮ್ಮೆ ಹೆಣ್ಣು ನೋಡಲು ಹೊರಟವನು, ಪಕ್ಕದೂರಿನಲ್ಲಿ ಜೋಡುನಳಿಗೆಯ ಕೋವಿಯೊಂದು ಮಾರಾಟಕ್ಕಿದೆ ಎಂದು ದಾರಿಯಲ್ಲಿ ಕೇಳಿ ಅತ್ತ ತಿರುಗಿದ. ಹೆಣ್ಣಿನ ಮನೆಯವರು ಉಪ್ಪಿಟ್ಟು ಮಾಡಿಟ್ಟುಕೊಂಡು ಸಂಜೆಯವರೆಗೆ ಕಾದರು. ಇವನು ಕೋವಿಯನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಆಮೇಲೆ ಯಾರೂ ಅವನಿಗೆ ಹೆಣ್ಣು ತೋರಿಸುವ ಗೋಜಿಗೆ ಹೋಗಲಿಲ್ಲ. ಅವನೂ ಬೇಸರಪಡಲಿಲ್ಲ.

ಮನೆಯಲ್ಲಿ ಕೋವಿ ಇದ್ದವರನ್ನು ಯಾರು ಮರೆತರೂ ಸರ್ಕಾರ ಮರೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಠಾಣೆಯಿಂದ ಒಬ್ಬ ದಫೇದಾರ ಸೈಕಲ್ಲಿನಲ್ಲಿ ಬರುತ್ತಿದ್ದ. ಒಂದೊಂದೇ ಕೋವಿಯನ್ನು ಇಳಿಸಿ, ನಳಿಗೆಯ ಮೇಲಿನ ನಂಬರು ಓದಿ, ಕಾಗದದೊಂದಿಗೆ ತಾಳೆ ನೋಡುತ್ತಿದ್ದ. ಇಪ್ಪತ್ತಾರು ಕೋವಿ. ಬೆಳಿಗ್ಗೆ ಬಂದವನಿಗೆ ಕೆಲಸ ಮುಗಿಯುವಾಗ ಸಂಜೆ. ನಡುವೆ ಊಟ, ಎಲೆಯಡಿಕೆ, ಎರಡು ಸಲ ಕಾಫಿ. ಪ್ರತಿ ಕೋವಿಗೂ ಒಂದು ಕತೆಯಿತ್ತು. ವ್ಯಾಪಾರಿ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ, ದಫೇದಾರ ಪ್ರತಿ ಸಲವೂ "ಹೌದಾ?" ಎನ್ನುತ್ತಿದ್ದ. ಹೆಣ್ಣು ನೋಡಲು ಹೋಗಿ ಕೋವಿ ತಂದ ಕತೆಗೆ ಮಾತ್ರ ಮನಸಾರೆ ನಗುತ್ತಿದ್ದ.

ವ್ಯಾಪಾರಿಗೆ ವಯಸ್ಸಾಯಿತು. ಕೈ ನಡುಗತೊಡಗಿತು. ಎಣ್ಣೆ ಹಚ್ಚಲು ಹೋದರೆ ಅರ್ಧ ಎಣ್ಣೆ ನೆಲದ ಪಾಲು. ತಾನು ಕಣ್ಣು ಮುಚ್ಚಿದ ಮೇಲೆ ಇವು ತುಕ್ಕು ಹಿಡಿಯಬಾರದು, ಕೆಟ್ಟವರ ಕೈಗೂ ಸಿಗಬಾರದು ಎಂದುಕೊಂಡು ಒಂದೊಂದನ್ನೇ ಕೊಡಲು ಶುರುಮಾಡಿದ. ಹಲವು ವಸ್ತುಸಂಗ್ರಹಾಲಯಕ್ಕೆ ಹೋದವು. ಕಾಡುಹಂದಿಯ ಕಾಟವಿದ್ದ ರೈತರಿಗೂ ಕೊಟ್ಟ. ಜೋಡುನಳಿಗೆಯ ಕೋವಿಯನ್ನು ಒಯ್ದ ರೈತ "ಗುರಿ ಸರಿಯಿದೆಯಾ?" ಎಂದಷ್ಟೇ ಕೇಳಿದ, ಅದರ ಕತೆ ಕೇಳಲಿಲ್ಲ. ಗೋಡೆಯ ಮೇಲೆ ಮೊಳೆಗಳು ಉಳಿದವು. ಊರವರು ಭೇಷ್ ಎಂದರು. ಅವನಿಗೂ ಹಗುರವೆನಿಸಿದ್ದು ನಿಜ.

ಆದರೆ ಕೋವಿಗಳು ಹದಿನಾಲ್ಕಕ್ಕೆ ಇಳಿದ ವರ್ಷ ದಫೇದಾರ ಊಟ ಮುಗಿಸಿದ್ದೇ ಹೊರಟುಬಿಟ್ಟ. ಐದಾದಾಗ ಬರೀ ಕಾಫಿ ಕುಡಿದ. ಒಂದೇ ಉಳಿದಾಗ ಬೂಟು ಬಿಚ್ಚಲಿಲ್ಲ, ಹೊಸ್ತಿಲಲ್ಲೇ ನಿಂತು ನಂಬರು ಓದಿ ಸೈಕಲ್ ಹತ್ತಿದ. ಎರಡು ಲೋಟ ಕಾಫಿಯನ್ನೂ ವ್ಯಾಪಾರಿ ತಾನೇ ಕುಡಿದ. ಕೋವಿ ಒಯ್ಯಲು ಬಂದವರನ್ನು ಬಿಟ್ಟರೆ ಆ ಆರು ತಿಂಗಳಲ್ಲಿ ಅವನ ಮನೆ ಬಾಗಿಲಿಗೆ ಬಂದ ಮನುಷ್ಯ ದಫೇದಾರನೊಬ್ಬನೇ. ಕೋವಿಗಳೊಂದಿಗೆ ತಾನು ಏನನ್ನು ಕೊಟ್ಟುಬಿಟ್ಟೆ ಎಂದು ವ್ಯಾಪಾರಿಗೆ ಆಗ ತಿಳಿಯಿತು.

ಉಳಿದದ್ದು ಒಂದು ಕೇಪಿನ ಕೋವಿ, ಪಟಾಕಿಯಂಥ ಕೇಪು ಸಿಕ್ಕಿಸಿ ಹೊಡೆಯುವ ಹಳೇ ಕಾಲದ್ದು. ಕೇಪಿಗೆ ಬಡಿಯುವ ಅದರ ಕುದುರೆ ಮುರಿದಿತ್ತು, ಹಿಡಿಯನ್ನು ಗೆದ್ದಲು ತಿಂದಿತ್ತು. ಇಪ್ಪತ್ತಾರರಲ್ಲಿ ಅವನು ಎಂದೂ ಲೆಕ್ಕಕ್ಕಿಡದಿದ್ದ ಕೋವಿ ಅದು. ಈಗ ದಿನವೂ ಅದನ್ನೇ ಒರೆಸತೊಡಗಿದ.

ಮುಂದಿನ ಸಲ ಬಂದ ದಫೇದಾರ ಬೆವರು ಒರೆಸಿಕೊಳ್ಳುತ್ತ ಹೇಳಿದ: "ಯಜಮಾನ್ರೇ, ಇದು ಈಡು ಹಾರಿಸೋದಿರಲಿ, ಊರುಗೋಲಿಗೂ ಬರಲ್ಲ. ಠಾಣೆಗೆ ಒಪ್ಪಿಸಿಬಿಡಿ. ನಿಮಗೂ ತಾಪತ್ರಯ ಇರಲ್ಲ, ನನಗೂ ಈ ಬಿಸಿಲಲ್ಲಿ ಹತ್ತು ಮೈಲಿ ತುಳಿಯೋದು ತಪ್ಪುತ್ತೆ."

ವ್ಯಾಪಾರಿ ಕೋವಿಯನ್ನು ಎದೆಗೆ ಆನಿಸಿಕೊಂಡ. "ಒಪ್ಪಿಸಿದರೆ ನೀವು ಬರೋದಿಲ್ಲವಲ್ಲ, ದಫೇದಾರ್ರೇ" ಎಂದ.

ದಫೇದಾರ ತಲೆ ತಗ್ಗಿಸಿ ತನ್ನ ಬೂಟು ನೋಡುತ್ತ ನಿಂತ. ವ್ಯಾಪಾರಿಗೆ ನಾಚಿಕೆಯಾಯಿತು. ಮುರುಕು ಕೋವಿಯೊಂದರ ನೆಪದಲ್ಲಿ ಒಬ್ಬನನ್ನು ಬಿಸಿಲಲ್ಲಿ ಅಲೆಸುವುದು ಸರಿಯಲ್ಲ ಎನಿಸಿತು. ಕೋವಿಯನ್ನು ಅವನ ಕೈಗಿಟ್ಟ. ದಫೇದಾರ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ.

ಆರು ತಿಂಗಳು ಕಳೆದು ಆ ದಿನ ಬಂತು. ವ್ಯಾಪಾರಿ ಒಗೆದಿಟ್ಟ ಅಂಗಿ ತೊಟ್ಟ. ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟ. ಇನ್ನು ಯಾರೂ ಬರಬೇಕಾದ ಕಾರಣವಿಲ್ಲ ಎಂದು ಗೊತ್ತಿದ್ದೂ ಜಗಲಿಯಲ್ಲಿ ಕುಳಿತು ದಾರಿ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ದಫೇದಾರ ಬಂದನೇ, ಗುರುಗಳೇ?" ಎಂದ.

ಗುರುಗಳು ಹೊಳೆಯ ಕಡೆಯ ದಾರಿಯತ್ತ ಕಣ್ಣು ಹಾಯಿಸಿದರು. ಕಳೆದ ಎಂಟು ದಿನವೂ ಅವರು ನೋಡುತ್ತಿದ್ದದ್ದು ಅದನ್ನೇ.

"ನಾಳೆ ನೀನು ಪ್ರಶ್ನೆಯಿಲ್ಲದೆ ಬಾ" ಎಂದರು.