ಕಡಲಿಗೆ ಹೆದರಿದವರು

ಹೊಳೆ ಕಡಲನ್ನು ಸೇರುವ ಕಡೆ ಪದ್ಮನಾಭ ಗುರುಗಳ ಆಶ್ರಮವಿತ್ತು. ಶಿಷ್ಯರಲ್ಲಿ ಬಾಗಪ್ಪ, ಶಾಮರಾಯ ಇಬ್ಬರೂ ಬಯಲುನಾಡಿನವರು. ಬಾವಿಗಿಂತ ದೊಡ್ಡ ನೀರನ್ನು ಅವರು ಕಂಡದ್ದೇ ಇಲ್ಲಿಗೆ ಬಂದ ಮೇಲೆ. ಸ್ನಾನಕ್ಕೆ ಹೋದರೂ ಹೊಳೆಗೆ ಇಳಿಯುತ್ತಿರಲಿಲ್ಲ. ದಡದಲ್ಲಿ ಕೂತು ತಂಬಿಗೆಯಲ್ಲಿ ಮೊಗೆದು ಸುರಿದುಕೊಳ್ಳುತ್ತಿದ್ದರು.

ಒಂದು ದಿನ ದ್ವೀಪದಿಂದ ಸುದ್ದಿ ಬಂತು. ಅಲ್ಲಿದ್ದ ದುಗ್ಗಣ್ಣ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಪದ್ಮನಾಭನನ್ನು ನೋಡಬೇಕು ಎನ್ನುತ್ತಿದ್ದಾರೆ.

ದುಗ್ಗಣ್ಣ ಗುರುಗಳ ಜೊತೆಯಲ್ಲಿ ಓದಿದವರು. ಗುರುಗಳನ್ನು ಏಕವಚನದಲ್ಲಿ ಮಾತಾಡಿಸುವ ಒಬ್ಬರೇ ಗೆಳೆಯ. ದ್ವೀಪಕ್ಕೆ ದೋಣಿಯಲ್ಲಿ ಅರ್ಧ ದಿನದ ಹಾದಿ.

ತಮಗೆ ಪಾಠವಿದೆ ಎಂದರು ಗುರುಗಳು. ನೋವಿನ ಎಣ್ಣೆ ಕಾಯಿಸಿ, ಕುಪ್ಪಿಗೆ ತುಂಬಿ ಬಾಗಪ್ಪನನ್ನು ಕರೆದರು.

"ಇದನ್ನು ಶಾಮರಾಯ ಒಯ್ಯಬೇಕು. ಆದರೆ ಅವನಿಗೆ ಕಡಲೆಂದರೆ ಹೆದರಿಕೆ. ನೀನು ಜೊತೆಗೆ ಹೋಗಿ ಧೈರ್ಯ ಹೇಳು."

ತನಗೂ ಹೆದರಿಕೆ ಎನ್ನಲು ನಾಚಿಕೆಯಾಗಿ, ಬಾಗಪ್ಪ ಆಗಲಿ ಎಂದ.

ಅವನು ಅತ್ತ ಹೋದ ಮೇಲೆ ಗುರುಗಳು ಶಾಮರಾಯನನ್ನು ಕರೆದರು. ಹೆಸರೊಂದನ್ನು ಬದಲಿಸಿ ಅದೇ ಮಾತು ಹೇಳಿದರು. ಅವನೂ ಆಗಲಿ ಎಂದ.

ಮರುದಿನ ಬೆಳಿಗ್ಗೆ ದಡದಲ್ಲಿ ಧೈರ್ಯ ಹೇಳುವ ಕೆಲಸ ಶುರುವಾಯಿತು. ದೋಣಿ ಮುಳುಗುವುದು ಬಹಳ ಅಪರೂಪ ಎಂದ ಬಾಗಪ್ಪ. ಮುಳುಗಿದರೂ ಎಲ್ಲರೂ ಸಾಯುವುದಿಲ್ಲ ಎಂದ ಶಾಮರಾಯ. ಇಬ್ಬರ ಮುಖವೂ ಬಿಳಿಚಿಕೊಂಡಿತು.

ನೀನು ಮೊದಲು ಹತ್ತು, ನಾನು ಹಿಂದೆಯೇ ಇದ್ದೇನೆ ಎಂಬುದು ಬಹಳ ಹೊತ್ತು ನಡೆಯಿತು. ಕೊನೆಗೆ ದೋಣಿ ನಡೆಸುವ ಸುಕ್ರ ಇಬ್ಬರ ರಟ್ಟೆಯನ್ನೂ ಹಿಡಿದು ಒಟ್ಟಿಗೆ ಒಳಗೆ ಎಳೆದುಕೊಂಡ.

ಹೊಳೆ ಕಡಲು ಸೇರುವ ಅಳಿವೆ ದಾಟಿದ ಕೂಡಲೇ ದೋಣಿ ಏರಿಳಿಯತೊಡಗಿತು. ಬಾಗಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕಣ್ಣು ಬಿಟ್ಟು ನೋಡು, ಕಡಲು ಎಷ್ಟು ಚೆನ್ನಾಗಿದೆ ಎಂದು ಗೆಳೆಯನಿಗೆ ಹೇಳಿದ. ಅವನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಶಾಮರಾಯ, ಹೆದರಬೇಡ, ನಾನು ಹಿಡಿದುಕೊಂಡಿದ್ದೇನೆ ಎಂದ. ಆಮೇಲೆ ಒಬ್ಬ ವಾಂತಿ ಮಾಡುವಾಗ ಇನ್ನೊಬ್ಬ ತಲೆ ಹಿಡಿದ. ಸರದಿಯ ಮೇಲೆ.

ಸುಕ್ರ ಹುಟ್ಟು ಹಾಕುತ್ತ ಎಲ್ಲವನ್ನೂ ನೋಡುತ್ತಿದ್ದ.

"ಹೆದರಿದವರನ್ನು ಬೇಕಾದಷ್ಟು ಕಂಡಿದ್ದೇನೆ ಅಯ್ಯಾ. ಹೆದರಿಕೊಂಡು ಇಷ್ಟು ಧೈರ್ಯ ಹೇಳುವವರನ್ನು ಕಂಡಿರಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ದ್ವೀಪ ಮುಟ್ಟಿದರು. ದುಗ್ಗಣ್ಣ ಚಾಪೆಯ ಮೇಲೆ ಮಲಗಿದ್ದರು. ಎಣ್ಣೆ ಹಚ್ಚಿಸಿಕೊಳ್ಳುತ್ತ, ಪದ್ದು ಬರಲಿಲ್ಲವೇ ಎಂದು ಕೇಳಿದರು.

ಗುರುಗಳಿಗೆ ಪಾಠವಿದೆ ಎಂದ ಬಾಗಪ್ಪ.

ದುಗ್ಗಣ್ಣ ನಕ್ಕರು. ಸೊಂಟ ನೋಯಿತೆಂದು ನಗು ನಿಲ್ಲಿಸಿದರು. ಮೂವತ್ತು ವರ್ಷದಿಂದ ಪಾಠವೇ ಇದೆ ಎಂದರು. ಓದುವ ಕಾಲದಲ್ಲಿ ಎಲ್ಲರೂ ಹೊಳೆ ದಾಟಲು ದೋಣಿ ಹತ್ತಿದರೆ ಪದ್ದು ಮಾತ್ರ ಎರಡು ಹರದಾರಿ ಸುತ್ತಿ ಸೇತುವೆಯ ಮೇಲೆ ಬರುತ್ತಿದ್ದ. ಅವನು ಮುಟ್ಟುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು.

"ಕಡಲ ಮೇಲೆ ಹಾಯಾಗಿ ಮಲಗಿದ ದೇವರ ಹೆಸರಿಟ್ಟರು ಅವನಿಗೆ. ಇವನು ಅಂಗಾಲನ್ನೂ ಒದ್ದೆ ಮಾಡಿಕೊಳ್ಳಲಿಲ್ಲ."

ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು. "ಈ ಸಲ ನಾನು ಏಳುತ್ತೇನೋ ಇಲ್ಲವೋ. ಒಮ್ಮೆ ನೋಡಬೇಕಿತ್ತು."

ಎರಡು ದಿನ ಅವರ ಸೇವೆ ಮಾಡಿ ಶಿಷ್ಯರು ಹೊರಟರು. ಹಿಂದಿರುಗುವ ದೋಣಿಯಲ್ಲಿ ಮಾತಿಗೆ ಮಾತು ಬಂದು, ಗುರುಗಳು ಇಬ್ಬರಿಗೂ ಒಂದೇ ಮಾತು ಹೇಳಿದ್ದು ಹೊರಬಿತ್ತು. ಬಾಗಪ್ಪನಿಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ಮುಚ್ಚಿಕೊಳ್ಳುವುದೇ ಮರೆತುಹೋಯಿತು.

ಆಶ್ರಮ ಮುಟ್ಟಿದವನೇ ನೇರ ಗುರುಗಳ ಮುಂದೆ ನಿಂತ.

"ನನಗೆ ಅವನು ಹೆದರುತ್ತಾನೆ ಎಂದಿರಿ. ಅವನಿಗೆ ನಾನು ಹೆದರುತ್ತೇನೆ ಎಂದಿರಿ."

"ಎರಡರಲ್ಲಿ ಸುಳ್ಳು ಯಾವುದು?"

ಶಾಮರಾಯ ಮೆಲ್ಲಗೆ ಬಂದು ಗುರುಗಳ ಕಾಲ ಬಳಿ ಕೂತ. ದುಗ್ಗಣ್ಣ ಹೇಳಿದ್ದನ್ನೆಲ್ಲ ಹೇಳಿದ. ಸೇತುವೆಯ ಸುದ್ದಿಯನ್ನೂ ಬಿಡಲಿಲ್ಲ. ಗೋಡೆಯ ಕಡೆ ತಿರುಗಿ ಆಡಿದ ಮಾತನ್ನು ಹೇಳುವಾಗ ಅವನ ದನಿ ತಗ್ಗಿತು.

ಗುರುಗಳು ಕಡಲ ಕಡೆ ಮುಖ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಶಿಷ್ಯರಿಬ್ಬರೂ ಅದನ್ನು ಕಂಡರು. ಕಂಡೂ ಕಾಣದವರಂತೆ ಇದ್ದರು.

ಕೊನೆಗೆ ಗುರುಗಳು, ಸುಕ್ರ ಮತ್ತೆ ಯಾವಾಗ ಹೊರಡುತ್ತಾನೆ ಎಂದು ಕೇಳಿದರು. ನಾಳೆ ಬೆಳಿಗ್ಗೆ, ನೀರಿಳಿತದ ಹೊತ್ತಿಗೆ ಎಂದ ಬಾಗಪ್ಪ.

"ನಿಮ್ಮಿಬ್ಬರಲ್ಲಿ ಹೆಚ್ಚು ಹೆದರಿದವರು ಯಾರು?"

ನಾನು ಎಂದ ಬಾಗಪ್ಪ. ಅಲ್ಲ, ನಾನು ಎಂದ ಶಾಮರಾಯ.

"ಹಾಗಾದರೆ ಇಬ್ಬರೂ ಬನ್ನಿ. ನನ್ನ ಆಚೆಗೊಬ್ಬ, ಈಚೆಗೊಬ್ಬ ಕೂತುಕೊಳ್ಳಿ."