ಹಟ್ಟಿಯ ಬಿಲ್ಲಿಗೊಂದು ಕಟ್ಟೆ

"ಗುರುಗಳೇ, ನಾಳೆಯಿಂದ ಮಠದ ಗಂಟೆಯನ್ನು ಕೋಳಿ ಕೂಗುವ ಮೊದಲೇ ಬಾರಿಸಲೇ?" ಎಂದು ನಿರುಪಾದಿ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಎಷ್ಟು ಕೂತರೂ ನಿಲ್ಲದಿದ್ದ ಮನಸ್ಸು, ಈಗೊಂದು ತಿಂಗಳಿಂದ, ನಸುಕಿಗೂ ಮೊದಲೆದ್ದು ತಣ್ಣೀರು ಮಿಂದು ಕೂತರೆ ನಿಲ್ಲುತ್ತಿತ್ತು. ತನಗೆ ಸಿಕ್ಕ ಸುಖ ಎಲ್ಲರಿಗೂ ಸಿಗಲಿ ಎಂಬುದು ಅವನ ಆಸೆ. ಜೊತೆಗೆ, ಅಡುಗೆಮನೆಯ ಹಿರಿಯ ಶಿಷ್ಯ ಸಂಗಯ್ಯ ಬೆಳಗಿನ ಧ್ಯಾನದಲ್ಲಿ ತೂಕಡಿಸುತ್ತಾನೆ ಎಂಬುದನ್ನೂ ಮೆಲ್ಲಗೆ ಗುರುಗಳ ಕಿವಿಗೆ ಹಾಕಿದ. ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ಕಡೆಗೆ ಮಲಗುವವನು ಸಂಗಯ್ಯ. ಗುರುಗಳು ಕೂತುಕೋ ಎಂದು ಕತೆ ಶುರು ಮಾಡಿದರು.

ಒಂದು ಕುರಿಹಟ್ಟಿ. ಎಂಟು ಮನೆ. ಎಲ್ಲರ ಕುರಿಗಳೂ ಒಂದೇ ಮಂದೆಯಲ್ಲಿ ಮೇಯುತ್ತಿದ್ದವು. ದಿನಕ್ಕೊಂದು ಮನೆಯವರು ಸರದಿಯ ಮೇಲೆ ಮಂದೆ ಕಾಯಬೇಕು. ತೋಳನನ್ನು ಓಡಿಸಲು ಹಟ್ಟಿಗೆಲ್ಲ ಇದ್ದದ್ದು ಒಂದೇ ಬಿಲ್ಲು. ಅದು ಬೇವಿನ ಮರಕ್ಕೆ ತೂಗಿರುತ್ತಿತ್ತು. ಸರದಿ ಬಂದವರು ಬೆಳಗ್ಗೆ ಇಳಿಸಿಕೊಂಡು ಹೋಗುವುದು, ಸಂಜೆ ತಂದು ತೂಗುವುದು. ಸರದಿ ಕಾಯಲಾಗದ ಮನೆಯ ಕುರಿ ಮಂದೆಯಲ್ಲಿ ಇರುವಂತಿಲ್ಲ. ಅದು ಅಲ್ಲಿನ ಕಟ್ಟಳೆ.

ಬಿಲ್ಲಿನ ಹಿಡಿ ನುಣ್ಣಗಿತ್ತು. ಬಾಣಕ್ಕೆ ಅದರಲ್ಲಿ ಯಾವ ಆಸರೆಯೂ ಇರಲಿಲ್ಲ. ಹಿಡಿದವರ ಮುಷ್ಟಿಯ ಮೇಲೆಯೇ ಬಾಣ ಕೂರಬೇಕು.

ಆ ಹಟ್ಟಿಯಲ್ಲಿ ಒಬ್ಬ ಕುರಿಗಾಹಿ ಇದ್ದ. ಗುರಿಯಲ್ಲಿ ತನಗೆ ಸಮನಾದವರು ಇಲ್ಲ ಎಂದು ಅವನ ಎಣಿಕೆ. ಅದೇನು ಸುಳ್ಳೂ ಆಗಿರಲಿಲ್ಲ. ಆದರೆ ಬಾಣದ ಗರಿ ಸವರಿ ಸವರಿ ಅವನ ಬೆರಳಿನ ಗೆಣ್ಣು ಹುಣ್ಣಾಗಿತ್ತು. ಬಾಣ ಬಿಡುವ ಹೊತ್ತಿಗೆ ಕೈ ತಾನಾಗಿ ಅಳುಕುತ್ತಿತ್ತು. ಒಂದು ದಿನ ಹಾಗೆ ಅಳುಕಿ ಗುರಿ ತಪ್ಪಿತು. ತೋಳ ಅವನ ಕಣ್ಣೆದುರೇ ಒಂದು ಮರಿಯನ್ನು ಹೊತ್ತುಕೊಂಡು ಹೋಯಿತು. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ, ಮಂದೆ ಹಟ್ಟಿಗೆ ಮರಳಿದ ಮೇಲೆ, ಬಿಲ್ಲನ್ನು ಹೆಗಲಿಗೇರಿಸಿ, ಅದನ್ನು ಮಾಡಿದ್ದ ಬಡಗಿಯ ಬಳಿಗೆ ಹೋದ. ಹಿಡಿಯ ಮೇಲೆ ಬಾಣ ಕೂರಲು ಒಂದು ಕಟ್ಟೆ ಕೊರೆದುಕೊಡು ಎಂದ. ಹಿಡಿಯಲ್ಲಿ ಮರ ಕೊರೆದರೆ ಬಿಲ್ಲು ಅಲ್ಲಿಯೇ ಮುರಿಯುತ್ತದೆ ಎಂದು ಬಡಗಿ ಒಪ್ಪಲಿಲ್ಲ. ಕೊರೆಯುವುದು ಬೇಡವಾದರೆ ಮೇಲೆ ಕೂರಿಸು ಎಂದ ಕುರಿಗಾಹಿ. ಅದಕ್ಕೂ ಬಡಗಿ ತಲೆ ಕೆರೆದುಕೊಂಡ. ಎಂಟು ಮನೆಯವರು ಹಿಡಿಯುವ ಬಿಲ್ಲು ಇದು, ಎಲ್ಲರನ್ನೂ ಕೇಳಿದ್ದೀಯಾ ಎಂದು ವಿಚಾರಿಸಿದ.

"ನನಗೇ ಒಪ್ಪಿದ ಮೇಲೆ ಅವರಿಗೆ ಒಪ್ಪದೆ ಇರ್ತದಾ? ಒಳ್ಳೇದು ಮಾಡೋಕೂ ಕೇಳ್ಕೊಂಡು ಕೂರ್ಬೇಕಾ?" ಎಂದ ಕುರಿಗಾಹಿ.

ಬಡಗಿ ಟಗರಿನ ಕೊಂಬಿನಿಂದ ಹೆಬ್ಬೆರಳಗಲದ ತುಂಡೊಂದನ್ನು ಕೊಯ್ದ. ಅದನ್ನು ಹಿಡಿಯ ಎಡಮಗ್ಗುಲಿಗೆ, ಮುಷ್ಟಿ ಮುಗಿಯುವ ಕಡೆ, ಅರಗು ಕಾಯಿಸಿ ಅಂಟಿಸಿದ. ಮೇಲೆ ನರದ ದಾರ ಬಿಗಿಯಾಗಿ ಸುತ್ತಿ, ಬಲಮಗ್ಗುಲಿಗೆ ಗಂಟು ಹಾಕಿದ. ಕುರಿಗಾಹಿ ಅಲ್ಲಿಯೇ ಐದು ಬಾಣ ಬಿಟ್ಟು ನೋಡಿದ. ಐದೂ ಒಂದು ಬೊಗಸೆ ಜಾಗದಲ್ಲಿ ನಾಟಿದವು. ಗೆಣ್ಣಿಗೆ ಗರಿ ಸೋಕಲಿಲ್ಲ. ಅವನು ಹಾಡು ಹೇಳಿಕೊಳ್ಳುತ್ತ ಹಟ್ಟಿಗೆ ಬಂದ. ಹಟ್ಟಿಯವರೂ ಹೊಡೆದು ನೋಡಿ ಭೇಷ್ ಎಂದರು. ಅವನು ಬಿಲ್ಲನ್ನು ತಾನೇ ಹೆತ್ತವನಂತೆ ಬೀಗಿದ.

ಹೊಡೆದು ನೋಡದೆ ಉಳಿದವಳು ಒಬ್ಬಳೇ, ಕೊನೆಯ ಮನೆಯ ಗಂಡನಿಲ್ಲದ ಹೆಂಗಸು. ಅವಳು ಎಡಚಿ. ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಹೆದೆ ಎಳೆಯುವವಳು. ಅವಳ ಬಾಣ ಹಿಡಿಯ ಬಲಮಗ್ಗುಲಲ್ಲಿ ಹಾಯಬೇಕು. ಹಳೆಯ ಬಿಲ್ಲಿಗೆ ಎಡವೂ ಬಲವೂ ಒಂದೇ ಆಗಿದ್ದುದರಿಂದ ಅವಳು ಎಡಚಿ ಎನ್ನುವುದೇ ಯಾರ ನೆನಪಿನಲ್ಲೂ ಇರಲಿಲ್ಲ.

ಅವಳ ಸರದಿ ಬಂತು. ನಡುಮಧ್ಯಾಹ್ನ ತೋಳ ಮಂದೆಗೆ ನುಗ್ಗಿ ಒಂದು ಮರಿಗೆ ಬಾಯಿ ಹಾಕಿತು. ಅವಳು ನಲವತ್ತು ಹೆಜ್ಜೆಯ ದೂರದಿಂದ ಬಾಣ ಬಿಟ್ಟಳು. ಬಾಣ ಎತ್ತಲೋ ಹೋಗಿ ಹುಲ್ಲಿನಲ್ಲಿ ಬಿತ್ತು. ನಾಯಿಗಳು ಮೇಲೆ ಬಿದ್ದದ್ದರಿಂದ ಮರಿ ಹೇಗೋ ಉಳಿಯಿತು. ಸಂಜೆ ಬೇವಿನ ಕೆಳಗೆ ಹಟ್ಟಿ ಸೇರಿತು. ಇವಳ ಕಣ್ಣು ಮಂಜಾಗಿದೆ, ಇನ್ನು ಸರದಿ ಬೇಡ ಎಂದು ಮಾತು ಬಂತು. ಸರದಿ ಹೋದರೆ ಅವಳ ಹನ್ನೆರಡು ಕುರಿ ಮಂದೆಯಿಂದ ಹೊರಗೆ. ಒಬ್ಬಳೇ ಮೇಯಿಸಲಾರಳು, ಹಟ್ಟಿಯನ್ನೇ ಬಿಡಬೇಕು. ಆ ಮಾತಿಗೆ ಮೊದಲು ತಲೆಯಾಡಿಸಿದವನು ನಮ್ಮ ಕುರಿಗಾಹಿಯೇ. ಅಷ್ಟು ಒಳ್ಳೆಯ ಬಿಲ್ಲಿನಲ್ಲೂ ಗುರಿ ತಪ್ಪಿದವಳು ಇನ್ನು ಯಾವುದರಲ್ಲಿ ಹೊಡೆದಾಳು ಎಂದ. ಎಲ್ಲರೂ ಮೆಚ್ಚಿದ ಬಿಲ್ಲನ್ನು ತಾನೊಬ್ಬಳು ಹೇಗೆ ಹಳಿಯುವುದೆಂದು ಅವಳು ದೂರು ಹೇಳಲಿಲ್ಲ. ಹುಣ್ಣಿಮೆಯವರೆಗೆ ಇರಲು ಬಿಡಿ ಎಂದಷ್ಟೇ ಕೇಳಿಕೊಂಡಳು.

ಮರುದಿನ ಸರದಿ ಕುರಿಗಾಹಿಯದು. ಹುಲ್ಲಿನಲ್ಲಿ ಅವಳ ಬಾಣ ಅವನಿಗೆ ಸಿಕ್ಕಿತು. ಒಂದು ಮಗ್ಗುಲಿನ ಗರಿ ಕಿತ್ತುಹೋಗಿತ್ತು. ಕಲ್ಲಿಗೆ ತಾಗಿರಬೇಕು ಎಂದುಕೊಂಡ. ಸುತ್ತ ನೋಡಿದರೆ ಎಲ್ಲಿಯೂ ಕಲ್ಲಿಲ್ಲ. ಬಿಲ್ಲನ್ನು ತಿರುಗಿಸಿ ನೋಡಿದ. ಬಲಮಗ್ಗುಲಿನ ಗಂಟಿನಲ್ಲಿ ಗರಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅವಳು ಎಡಚಿ ಎನ್ನುವುದು ಅವನಿಗೆ ಆಗ ಹೊಳೆಯಿತು. ಅವನು ಬಿಲ್ಲನ್ನು ಬಲಗೈಗೆ ಬದಲಾಯಿಸಿಕೊಂಡು, ಅವಳ ಹಾಗೆಯೇ ಎಡಗೈಯಲ್ಲಿ ಎಳೆದು ಒಂದು ಬಾಣ ಬಿಟ್ಟ. ಅದು ಗಂಟಿಗೆ ಎಡವಿ ಓರೆಯಾಗಿ ಹಾರಿತು. ಹಿಂದಿನ ಸಂಜೆ ತಾನು ಆಡಿದ ಮಾತು ನೆನಪಾಗಿ ಅವನಿಗೆ ಬಹಳ ನಾಚಿಕೆಯಾಯಿತು.

ಮಂದೆಯನ್ನು ಹಟ್ಟಿಗೆ ಮುಟ್ಟಿಸಿದವನೇ ಬಡಗಿಯ ಬಳಿಗೆ ಓಡಿದ. ಇದನ್ನು ಕಿತ್ತುಹಾಕು, ನನ್ನ ಗೆಣ್ಣು ಹೋದರೆ ಹೋಗಲಿ ಎಂದ. ಬಡಗಿ ದಾರ ಬಿಚ್ಚಿ, ಅರಗು ಕರಗಿಸಿ, ಕೊಂಬಿನ ತುಂಡನ್ನು ಬಿಡಿಸಿದ. ಬಿಸಾಡಲಿಲ್ಲ. ಅದನ್ನೊಂದು ತೊಗಲಿನ ಪಟ್ಟಿಗೆ ಹೊಲಿದು, ಪಟ್ಟಿಯನ್ನು ಕುರಿಗಾಹಿಯ ಎಡಮುಷ್ಟಿಗೆ ಬಿಗಿದ.

"ಹುಣ್ಣಾಗಿದ್ದು ನಿನ್ನ ಕೈ. ಕಟ್ಟೆ ಅಲ್ಲೇ ಇರ್ಲಿ," ಎಂದ ಬಡಗಿ.

ಬೆಳಗಾಗುತ್ತಲೇ ಕುರಿಗಾಹಿ ಎಲ್ಲರನ್ನೂ ಬೇವಿನ ಕೆಳಗೆ ಕರೆದು, ತಪ್ಪು ತನ್ನದು ಎಂದು ಒಪ್ಪಿಕೊಂಡ. ಬಿಲ್ಲನ್ನು ಆ ಹೆಂಗಸಿನ ಕೈಗೆ ಕೊಟ್ಟ. ಅವಳು ದೂರದಲ್ಲಿ ತೂಗಿದ್ದ ಸೋರೆ ಬುರುಡೆಗೆ ಮೂರು ಬಾಣ ನೆಟ್ಟಳು. ಅವಳ ಸರದಿ ಅವಳಿಗೇ ಉಳಿಯಿತು. ಆಮೇಲೆ ಅವಳು ಅವನ ಮುಷ್ಟಿಯನ್ನು ದಿಟ್ಟಿಸಿ ನೋಡಿ, ಕೈಯಲ್ಲಿ ಕೊಂಬು ಮೂಡಿದ ಟಗರನ್ನು ಇವತ್ತೇ ಕಂಡದ್ದು ಎಂದಳು. ಹಟ್ಟಿಯೆಲ್ಲ ನಕ್ಕಿತು. ಅವನೂ ನಕ್ಕ. ಅಂದು ಮಂದೆ ಎಂದಿನಂತೆ ಒಟ್ಟಿಗೇ ಮೇಯಲು ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಒಳಗೆ ಸಂಗಯ್ಯ ಮಧ್ಯಾಹ್ನದ ಪಾತ್ರೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ಹಾಗಾದರೆ ತಾನು ಕಂಡುಕೊಂಡದ್ದು ತಪ್ಪೇ ಎಂದು ನಿರುಪಾದಿ ತಲೆ ತಗ್ಗಿಸಿ ಕೇಳಿದ.

"ನಾಳೆಯೂ ಕೋಳಿ ಕೂಗುವ ಮೊದಲೇ ಏಳು, ಗಂಟೆಯ ಹಗ್ಗ ಮಾತ್ರ ಮುಟ್ಟಬೇಡ," ಎಂದರು ಗುರುಗಳು.