ನಾಜೂಕಯ್ಯ ಹಾಸಿದ ಹಾಸಿಗೆ

ಮುಗಿಲು ಮುಟ್ಟುವ ಬೆಟ್ಟದ ಮೇಲಿನ ಒಂದು ಕಾಡಿನಲ್ಲಿ, ಬೆಟ್ಟ ದಾಟುವ ದಾರಿಯ ಪಕ್ಕ ಒಂದು ಬಿಡಾರವಿತ್ತು. ಬಿಡಾರ ಅಂದ ಕೂಡಲೇ ಏನೋ ಅರಮನೆ ಅಂದುಕೊಳ್ಳಬೇಡಿ. ಗೋಡೆಯಿಲ್ಲ, ಬಾಗಿಲಿಲ್ಲ. ಮುಂದಕ್ಕೆ ಚಾಚಿಕೊಂಡ ಒಂದು ಹೆಬ್ಬಂಡೆ, ಅದರಡಿ ಐದು ಮಲಗುವ ಜಾಗ, ಪಕ್ಕದಲ್ಲಿ ಒಂದು ಒರತೆ. ಅಷ್ಟೇ! ಆದರೂ ದಾರಿಹೋಕ ಪ್ರಾಣಿಗಳೆಲ್ಲ ಅಲ್ಲೇ ತಂಗುತ್ತಿದ್ದವು. ಅಲ್ಲಿ ಯಾರೂ ಯಾರನ್ನೂ ಹಿಡಿದು ತಿನ್ನುವಂತಿರಲಿಲ್ಲ.

ಬಿಡಾರ ನೋಡಿಕೊಳ್ಳುತ್ತಿದ್ದವಳು ಚೂಪಜ್ಜಿ ಎಂಬ ಮುದಿ ಮುಳ್ಳುಹಂದಿ. ಅವಳದು ಒಂದು ಕಟ್ಟಳೆ. ಹೊರಡುವವರು ತಾವು ಮಲಗಿದ ಹಳೇ ಹುಲ್ಲು ತೆಗೆದು, ಮುಂದೆ ಬರುವವರಿಗೆ ಹೊಸ ಒಣಹುಲ್ಲು ಹಾಸಿ ಹೋಗಬೇಕು. ಬರುವವರು ಯಾರೋ ಏನೋ, ಹಾಸಲೇಬೇಕು. ಮಲಗಿದವರು ಬೆಳಿಗ್ಗೆ ಎದ್ದು, "ಈ ಹಾಸಿಗೆ ಹಾಸಿದ್ದು ಯಾರು?" ಎಂದು ಕೇಳಬೇಕು. ಅಜ್ಜಿ ಹೆಸರು ಹೇಳುತ್ತಿದ್ದಳು. "ಅವರ ಹೊಟ್ಟೆ ತಣ್ಣಗಿರಲಿ" ಎಂದು ಎಲ್ಲರೂ ಹರಸುತ್ತಿದ್ದರು.

"ನನ್ನ ಬಿಡಾರದಲ್ಲಿ ಇವತ್ತಿನವರೆಗೆ ಒಬ್ಬರೂ ಒದ್ದೆಯಲ್ಲಿ ಮಲಗಿಲ್ಲ" ಅನ್ನುವಾಗ ಚೂಪಜ್ಜಿಯ ಮುಳ್ಳುಗಳೆಲ್ಲ ಹೆಮ್ಮೆಯಿಂದ ನೆಟ್ಟಗಾಗುತ್ತಿದ್ದವು. ಹಾಗಂತ ಅವಳು ಯಾರ ಹಾಸಿಗೆಯನ್ನೂ ಮುಟ್ಟಿ ನೋಡಿದವಳಲ್ಲ. ಮುಟ್ಟಿ ನೋಡಿದರೆ ಹಾಸಿದವರಿಗೆ ಅವಮಾನ ಅನ್ನುತ್ತಿದ್ದಳು.

ಒಮ್ಮೆ ನಾಜೂಕಯ್ಯ ಎಂಬ ನರಿ ಅಲ್ಲಿಗೆ ಬಂದ. ಬೆಚ್ಚಗೆ ಮಲಗಿ, ಬಿಸಿಲೇರಿದ ಮೇಲೆ ಎದ್ದ. ಚೂಪಜ್ಜಿ ಅವನ ಹತ್ತಿರ ಬಂದಳು.

"ನೋಡಪ್ಪ, ಸಂಜೆ ಒಬ್ಬಳು ಕಡವೆ ಬರುತ್ತಾಳೆ. ಜೊತೆಗೆ ನಾಲ್ಕು ದಿನದ ಮರಿ. ಈ ಚಳಿಗೆ ಒದ್ದೆಯಲ್ಲಿ ಮಲಗಿದರೆ ಆ ಕೂಸು ಉಳಿಯಲ್ಲ. ನಿನ್ನ ಜಾಗವೇ ಅವರಿಗೆ. ಚೆನ್ನಾಗಿ ಹಾಸು."

"ನನಗೆ ಹೇಳಿಕೊಡಬೇಕೇ ಅಜ್ಜಿ? ನೀನು ನಿಶ್ಚಿಂತೆಯಿಂದಿರು" ಎಂದ ನಾಜೂಕಯ್ಯ.

ಒಣಹುಲ್ಲು ಇದ್ದದ್ದು ಮೇಲಿನ ಬಿಸಿಲುಬಂಡೆಯ ಹತ್ತಿರ. ಅಲ್ಲಿಗೆ ಕಡಿದಾದ ಏರು. ನಾಜೂಕಯ್ಯ ಏರು ನೋಡಿದ, ಆಕಳಿಸಿದ. 'ನಾನು ಇನ್ನು ಈ ಕಡೆ ಬರುವವನೇ? ಯಾವಳೋ ಕಡವೆಗಾಗಿ ನಾನ್ಯಾಕೆ ಕಾಲು ನೋಯಿಸಿಕೊಳ್ಳಲಿ?' ಒರತೆಯ ಪಕ್ಕ ಹಸಿ ಸೊಪ್ಪು ಬೇಕಾದಷ್ಟಿತ್ತು. ನಡುವೆ ತುರಿಕೆ ಸೊಪ್ಪೂ ಇತ್ತು. ಇದ್ದರೆ ಇರಲಿ, ಮಲಗುವವನು ನಾನಲ್ಲವಲ್ಲ! ಒಂದು ಕೋಲಿನಿಂದ ಅಷ್ಟನ್ನೂ ಎಳೆದು ತಂದು ಗುಡ್ಡೆ ಹಾಕಿದ. ತಾನು ಮಲಗಿದ್ದ ಹಳೇ ಹುಲ್ಲನ್ನೇ ಕೊಡವಿ, ಮೇಲೆ ತೆಳ್ಳಗೆ ಹರಡಿದ.

ಅಜ್ಜಿ ದೂರದಿಂದಲೇ ನೋಡಿ, "ಭೇಷ್! ಎಷ್ಟು ದಪ್ಪ ಹಾಸಿದ್ದೀಯೋ!" ಎಂದಳು. ನಾಜೂಕಯ್ಯ ಮೀಸೆಯಲ್ಲೇ ನಕ್ಕು ಹೊರಟುಹೋದ.

ಅವನು ಸ್ವಲ್ಪ ದೂರ ಹೋಗಿದ್ದನೋ ಇಲ್ಲವೋ, ಮಂಜು ಇಳಿಯಿತು. ಮೂಗಿನ ತುದಿಯೂ ಕಾಣದಂಥ ಮಂಜು. ನಡೆದ, ನಡೆದ, ದಿನವಿಡೀ ನಡೆದ. ಮುಸ್ಸಂಜೆಗೆ ಜಡಿಮಳೆ ಶುರುವಾಯಿತು. ಅಷ್ಟರಲ್ಲಿ ಎದುರಿಗೆ ಒಂದು ಬಂಡೆ ಕಂಡಿತು. ಬದುಕಿದೆ ಅಂತ ಓಡಿ ಬಂದು ನೋಡುತ್ತಾನೆ, ಅದೇ ಬಿಡಾರ! ಬೆಟ್ಟ ಸುತ್ತಿ ಹೊರಟಲ್ಲಿಗೇ ಬಂದಿದ್ದ.

"ನಿನ್ನ ಅದೃಷ್ಟವೇ ಅದೃಷ್ಟ ಕಣೋ!" ಎಂದಳು ಚೂಪಜ್ಜಿ. "ಮಂಜಿಗೆ ಕಡವೆ ಕೆಳಗೇ ಉಳಿದಳಂತೆ. ನಾಳೆ ಬರುತ್ತಾಳಂತೆ. ಉಳಿದ ನಾಲ್ಕೂ ಜಾಗ ತುಂಬಿವೆ. ನೀನು ಹಾಸಿದ್ದೊಂದೇ ಖಾಲಿ. ಹೋಗಿ ಮಲಗು."

ನಾಜೂಕಯ್ಯ ಮೆಲ್ಲಗೆ ಪಕ್ಕದ ಕಾಡುಹಂದಿಯ ಬಳಿ ಹೋಗಿ, "ಹಂದಿಯಣ್ಣ, ಜಾಗ ಬದಲಾಯಿಸೋಣವೇ?" ಎಂದ.

"ಯಾಕೆ? ಅಲ್ಲಿ ಏನಾಗಿದೆ?"

"ಏನಿಲ್ಲ, ಏನಿಲ್ಲ. ನಿನಗೆ ದಪ್ಪ ಹಾಸಿಗೆ ಇರಲಿ ಅಂತ..."

ಆಚೆ ಮಲಗಿದ್ದ ಮುಸಿಯ ಕೋತಿ ಕಿಸಕ್ಕನೆ ನಕ್ಕ. "ಏನೋ ನಾಜೂಕಯ್ಯ, ನೀನೇ ಹಾಸಿದ್ದು ನಿನಗೇ ಒಗ್ಗಲ್ಲವೇ?"

ಸೊಪ್ಪು ತೆಗೆದು ಎಸೆದರೆ ಗುಟ್ಟು ರಟ್ಟು. ಹೊರಗೆ ಹೋದರೆ ಮಳೆ. ನಾಜೂಕಯ್ಯ ಹಲ್ಲು ಕಚ್ಚಿಕೊಂಡು ಮಲಗಿದ. ಮೊದಲು ಬೆನ್ನು ಒದ್ದೆಯಾಯಿತು. ಆಮೇಲೆ ತುರಿಕೆ ಹತ್ತಿತು. ಅಯ್ಯಪ್ಪಾ, ಅದೆಂಥ ತುರಿಕೆ!

ಬೆಳಗಾಯಿತು. ಎಲ್ಲರೂ ಕಟ್ಟಳೆಯಂತೆ ಕೇಳಿದರು, ಹರಸಿದರು. ನಾಜೂಕಯ್ಯನ ಸರದಿ ಬಂತು. ಮುಖ ಊದಿಕೊಂಡಿತ್ತು. ಒಂದೇ ಸಮನೆ ಕೆರೆದುಕೊಳ್ಳುತ್ತಿದ್ದ.

"ಕೇಳಪ್ಪ, ಕಟ್ಟಳೆ ಮುರಿಯಬಾರದು" ಎಂದಳು ಅಜ್ಜಿ.

"ಈ... ಹಾಸಿಗೆ... ಹಾಸಿದ್ದು... ಯಾರು?"

ಹಂದಿಯಣ್ಣನಿಗೆ ಏನೋ ಅನುಮಾನ. ಮೂತಿಯಿಂದ ಹುಲ್ಲು ಸರಿಸಿದ. ಅಡಿಯಲ್ಲಿ ನೀರು ಸೋರುವ ಹಸಿ ಸೊಪ್ಪು!

"ತಾನು ತೋಡಿದ ಗುಂಡಿಗೆ ತಾನೇ ಬಿದ್ದ!" ಎಂದು ಕೋತಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕರು. ಚೂಪಜ್ಜಿ ಮಾತ್ರ ನಗಲಿಲ್ಲ. ಅವಳ ಮುಳ್ಳುಗಳೆಲ್ಲ ಬಾಡಿದಂತೆ ಕೆಳಗಿಳಿದವು.

"ಇದರ ಮೇಲೆ ಆ ಕೂಸು ಮಲಗಬೇಕಿತ್ತಲ್ಲೋ" ಎಂದಳು. "ನಿನ್ನೆ ಬಂದವರಿಗೆಲ್ಲ ನಿನ್ನ ಹೆಸರು ಹೇಳಿ ಹೊಗಳಿದೆ."

ನಾಜೂಕಯ್ಯನಿಗೆ ತುರಿಕೆಗಿಂತ ಆ ಮಾತು ಹೆಚ್ಚು ಚುಚ್ಚಿತು. ಜೀವನದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು. "ತಪ್ಪಾಯಿತು ಅಜ್ಜಿ. ಹೊರಟುಹೋಗುತ್ತೇನೆ."

ಚೂಪಜ್ಜಿ ತಲೆಯೆತ್ತಿದಳು. "ಹೋಗು. ಆದರೆ ಹೋಗುವವರು ಹಾಸಿ ಹೋಗಬೇಕು. ಕಟ್ಟಳೆ ನಿನಗೂ ಒಂದೇ."

ನಾಜೂಕಯ್ಯ ಬಿಸಿಲುಬಂಡೆಗೆ ಹತ್ತಿದ. ಮಳೆ ನಿಂತು ಬಿಸಿಲು ಬಿದ್ದಿತ್ತು. ಬಂಡೆಯ ಸಂದಿಯಲ್ಲಿ ನೆನೆಯದ ಹುಲ್ಲು ಹುಡುಕಿ, ಕೆರೆದುಕೊಳ್ಳುತ್ತಲೇ ನಾಲ್ಕು ಸಲ ಹತ್ತಿ ಇಳಿದ. ಹಾಸಿದ ಮೇಲೆ ತಾನೇ ಮಲಗಿ ನೋಡಿದ. ಒಂದು ಕಡ್ಡಿ ಚುಚ್ಚಿತು. ಎದ್ದು ಅದನ್ನು ತೆಗೆದ. ಮತ್ತೆ ಮಲಗಿ ನೋಡಿದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಕಡವೆ ಬಂದಳು. ಮರಿ ಗಡಗಡ ನಡುಗುತ್ತಿತ್ತು. ಹುಲ್ಲಿನಲ್ಲಿ ಹುದುಗಿದ ಕೂಡಲೇ ನಡುಕ ನಿಂತು ನಿದ್ದೆಗೆ ಜಾರಿತು. ನಾಜೂಕಯ್ಯ ಹೊರಟಿರಲಿಲ್ಲ. ಹೊರಗಿನ ಪೊದೆಯಡಿ ಮುದುರಿಕೊಂಡಿದ್ದ.

ಬೆಳಿಗ್ಗೆ ಮರಿ ಕಿವಿ ಅಲ್ಲಾಡಿಸುತ್ತ ಎದ್ದಿತು. ಅಮ್ಮ ಹೇಳಿಕೊಟ್ಟಂತೆ ಪುಟ್ಟ ದನಿಯಲ್ಲಿ ಕೇಳಿತು, "ಈ ಹಾಸಿಗೆ ಹಾಸಿದ್ದು ಯಾರು?"

ಚೂಪಜ್ಜಿ ಹೆಸರು ಹೇಳಲು ಬಾಯಿ ತೆರೆದವಳು, ತಡೆದು ಪೊದೆಯ ಕಡೆ ನೋಡಿದಳು.

ಪೊದೆಯಿಂದ ನಾಜೂಕಯ್ಯ ಎದ್ದು ನಿಂತ. ಊದಿದ ಮುಖ, ಕಿತ್ತುಹೋದ ಕೂದಲು. ಆದರೂ ಎದೆ ಸೆಟೆಸಿ, ಬೆಟ್ಟಕ್ಕೆಲ್ಲ ಕೇಳುವಂತೆ ಹೇಳಿದ, "ನಾನು! ನಾನೇ ಹಾಸಿದ್ದು!"

"ನಿನ್ನ ಹೊಟ್ಟೆ ತಣ್ಣಗಿರಲಿ!" ಎಂದರು ಎಲ್ಲರೂ. ಚೂಪಜ್ಜಿಯ ಮುಳ್ಳುಗಳು ಮತ್ತೆ ನೆಟ್ಟಗಾದವು. ಅವತ್ತಿನಿಂದ ಅಲ್ಲಿ ಇನ್ನೊಂದು ಕಟ್ಟಳೆ ಸೇರಿತು. ಹಾಸಿದವರೇ ಮೊದಲು ಮಲಗಿ ನೋಡಬೇಕು.

ನೀತಿ: ಮುಂದೆ ಬರುವವರಿಗೆ ಮಾಡುವ ಕೆಲಸವನ್ನು ನಮಗೇ ಮಾಡಿಕೊಂಡಂತೆ ಮಾಡಬೇಕು. ಆಗ ಮಾತ್ರ 'ಮಾಡಿದ್ದು ನಾನೇ' ಎಂದು ತಲೆಯೆತ್ತಿ ಹೇಳಬಹುದು.